ಹಿಟ್ಟು ಮುಟ್ಟದ ಮನೆ

ಪರದೇಶದ ಈ ಕಟ್ಟಡದಲ್ಲಿ ಇವತ್ತು ಎದುರುಮನೆಯವರ ಮದುವೆ, ಒಂದು ಕೆಲಸಕ್ಕೂ ಯಾರೂ ನನ್ನನ್ನು ಕರೆದಿಲ್ಲ. ಒಬ್ಬಳೇ ರೊಟ್ಟಿ ಬಡಿಯುತ್ತಿದ್ದರೆ ಹಂಚಿನ ಮೇಲೆ ಹಿಟ್ಟು ಸೀದ ವಾಸನೆಗೆ ರಾಯಬಾಗದ ನಮ್ಮ ಓಣಿ ನೆನಪಾಗುತ್ತದೆ.

ಅಕ್ಕನ ಮದುವೆಯ ಹಿಂದಿನ ದಿನ. ಮದುವೆ ಮನೆಯವರು ಓಣಿಗೆಲ್ಲ ಜೋಳದ ಹಿಟ್ಟು ಹಂಚಿದರೆ, ಮನೆಮನೆಯವರೂ ರೊಟ್ಟಿ ಬಡಿದು ತಂದುಕೊಡುತ್ತಿದ್ದರು. "ಒಂದ್ ಮನಿನೂ ಬಿಡಬ್ಯಾಡ" ಎಂದು ಅವ್ವ ನನ್ನ ತಲೆಯ ಮೇಲೆ ಬುಟ್ಟಿ ಹೊರಿಸಿದಳು. ಕೊನೆಯ ಮನೆ ಗಂಗಾಯಿಯದು. ಒಂಟಿ ಮುದುಕಿ, ಕೈಗಳು ನಡುಗುತ್ತಿದ್ದವು. ಒಲೆ ಹೊತ್ತಿಸಿಟ್ಟು ಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು. ಈಕೆಯಿಂದ ಏನು ರೊಟ್ಟಿಯಾದೀತು ಎಂದುಕೊಂಡು, ಸುಡುವ ಬಿಸಿಲಿನಲ್ಲಿ ಅಲ್ಲಿಂದಲೇ ತಿರುಗಿಬಿಟ್ಟೆ.

ಸಂಜೆ ಎಲ್ಲರ ಮನೆಯ ರೊಟ್ಟಿಯೂ ಬಂತು. ಕಡೆಗೆ ಗಂಗಾಯಿಯೂ ಬಂದಳು. ಸೆರಗಿನಲ್ಲಿ ಅಂಚು ಸೀಳಿದ ಹತ್ತು ರೊಟ್ಟಿ, ಇನ್ನೂ ಬೆಚ್ಚಗಿದ್ದವು.

"ನಿಮ್ಮ ಹಿಟ್ಟ ನಮ್ಮನಿಗಿ ಬರಲಿಲ್ಲ ಯವ್ವಾ. ನನ್ನ ಹಿಟ್ಟಿಂದನ ಬಡದೀನಿ" ಎಂದಳು.

ಅವ್ವ ನನ್ನತ್ತ ತಿರುಗಿದಳು.

"ಆಯಿ ಮನಿ ಬಾಗಲಾ ಹಾಕಿತ್ತ" ಎಂದೆ.

ಗಂಗಾಯಿ ಒಂದು ಗಳಿಗೆ ನನ್ನ ಮುಖ ನೋಡಿದಳು.

"ಹೌದವಾ, ಹಾಕಿತ್ತ. ನಾ ಗುಡಿಗಿ ಹೋಗಿದ್ನಿ" ಎಂದಳು.