ಪರಮಾನಂದನ ಕಾರಿನ ಏರಿಯಲ್

ಅಪ್ಪಾಸಾಬ ಇಕ್ಕಳದಿಂದ ಎಳೆದಷ್ಟೂ ದಾರ ಬರುತ್ತಲೇ ಇತ್ತು. ಕಾರಿನಿಂದ ಬಿಚ್ಚಿ ತೆಗೆದ ರೇಡಿಯೋ ಏರಿಯಲ್ ಅವನ ಮುಂದೆ ಗೋಣಿಚೀಲದ ಮೇಲೆ ಬಿದ್ದಿತ್ತು. ದಾರಕ್ಕೆ ಅಲ್ಲಲ್ಲಿ ಬಾಡಿದ ಸೇವಂತಿಗೆಯ ಎಸಳುಗಳು ಅಂಟಿದ್ದವು.

“ಮೋಟಾರ್ ಛಲೋ ಐತ್ರಿ ಸಾವಕಾರ್ರ,” ಎಂದ ಆ ಮೆಕ್ಯಾನಿಕ್. “ಕಡ್ಡಿಗೆ ಹೂವಿನ ಮಾಲಿ ಕಟ್ಟ್ಯಾರ, ಬಿಚ್ಚಲಾರದ ರೇಡಿಯೋ ಬಂದ್ ಮಾಡ್ಯಾರ. ಕಡ್ಡಿ ಇಳಿವಾಗ ಮಾಲೀನೂ ಜಗ್ಗೊಂಡ ಒಳಗ ಹೋಗೇತಿ. ಒಳಗಿನ ಗಾಲಿ ಹಲ್ಲಿಗೆ ದಾರ ಸುತ್ತಿ ಕುಂತ ಬಿಟ್ಟೈತಿ. ಯಾರ ಮದುವಿ ಇತ್ರಿ?”

ರೇವಪ್ಪನ ಮುಖ ಸಣ್ಣದಾಯಿತು. ಒಬ್ಬನೇ ಮಗ ಪರಮಾನಂದ ತೀರಿಕೊಂಡ ಮೇಲೆ ಈ ಕಾರನ್ನು ಅವನು ಯಾರ ಮದುವೆಗೂ ಕೊಟ್ಟಿರಲಿಲ್ಲ. ಬನಹಟ್ಟಿಯ ದೊಡ್ಡ ದೊಡ್ಡ ಜವಳಿ ವ್ಯಾಪಾರಿಗಳು ಕೇಳಿದಾಗಲೂ ಕೈ ಮುಗಿದು ಇಲ್ಲವೆಂದಿದ್ದ.

ಆ ಏರಿಯಲ್ಲನ್ನು ಮಗ ಮುಂಬಯಿಯಿಂದ ತಂದು ತಾನೇ ಕೂಡಿಸಿದ್ದ. ರೇಡಿಯೋ ಗುಂಡಿ ಒತ್ತಿದರೆ ಗುಂಯ್ ಎನ್ನುತ್ತ ಕಡ್ಡಿ ತಾನಾಗಿ ಏಳುತ್ತಿತ್ತು. ಬಂದ್ ಮಾಡಿದರೆ ತಾನಾಗಿ ಇಳಿಯುತ್ತಿತ್ತು. “ಎಣ್ಣಿ ಹಚ್ಚಬ್ಯಾಡ್ರಿ ಅಪ್ಪಾ, ಧೂಳ ಹಿಡಿತೈತಿ. ಒಣ ಅರಬೀಲೆ ಒರಸ್ರಿ ಸಾಕು,” ಎಂದು ಹೇಳಿಕೊಟ್ಟಿದ್ದ.

ಮಗ ಹೋದ ಮೇಲೆ ರೇವಪ್ಪ ದಿನಾ ಸಂಜೆ ಶಿವಪೂಜೆ ಮುಗಿಸಿ, ಹಣೆಯ ವಿಭೂತಿ ಆರುವ ಮೊದಲೇ ಕಾರಿನಲ್ಲಿ ಕುಳಿತು ಗುಂಡಿ ಒತ್ತುತ್ತಿದ್ದ. ಹಾಡು ಅವನಿಗೆ ಬೇಕಿರಲಿಲ್ಲ. ಕಡ್ಡಿ ಏಳುವುದನ್ನು ನೋಡುತ್ತಿದ್ದ. ಆಮೇಲೆ ಇಳಿದು ಧೋತರದ ಚುಂಗಿನಿಂದ ಅದನ್ನು ಒರೆಸುತ್ತಿದ್ದ. “ಬಾರವ್ವಾ, ನೋಡ ಬಾ,” ಎಂದು ಎಳೆಯ ಸೊಸೆ ತಾರವ್ವನನ್ನೂ ಕರೆಯುತ್ತಿದ್ದ. ಆಕೆ ಬಂದು ನಿಲ್ಲುತ್ತಿದ್ದಳು. ಅದರಿಂದ ಆಕೆಗೂ ಸಮಾಧಾನವೆಂದು ಅವನು ತಿಳಿದಿದ್ದ.

ಆಕೆಯನ್ನು ಕರೆದೊಯ್ಯಲು ಹಿಂದೊಮ್ಮೆ ತಂದೆ ಬಂದಿದ್ದ. “ಆಕಿ ಸೊಸಿ ಅಲ್ರಿ ಬೀಗ್ರ, ನನ್ನ ಮಗಳು. ಈ ಮನ್ಯಾಗ ಆಕಿಗೆ ಏನ ಕಡಿಮಿ ಆಗೇತಿ?” ಎಂದು ರೇವಪ್ಪ ಅವನನ್ನು ಉಣ್ಣಿಸಿ, ಒಬ್ಬನನ್ನೇ ಹಿಂದಕ್ಕೆ ಕಳಿಸಿದ್ದ. ವಿಧವೆ ಸೊಸೆಯನ್ನು ಇಷ್ಟು ಅಕ್ಕರೆಯಿಂದ ಇಟ್ಟುಕೊಂಡವರುಂಟೇ ಎಂದು ಓಣಿಯವರು ಹೊಗಳಿದ್ದರು.

ಈಗ ತಾರವ್ವ ತವರಿಗೆ, ರನ್ನ ಬೆಳಗಲಿಗೆ ಹೋಗಿದ್ದಳು. ತಾಯಿಗೆ ಆರಾಮಿಲ್ಲವೆಂದು ಸುದ್ದಿ ಬಂದಿತ್ತು. ಬಸ್ಸಿನಲ್ಲಿ ಬೇಡವೆಂದು ರೇವಪ್ಪನೇ ಕಾರು ಕೊಟ್ಟು ಕಳಿಸಿದ್ದ. ಡ್ರೈವರ್ ಯಮನಪ್ಪ ಆಕೆಯನ್ನು ಬಿಟ್ಟು ಮರುದಿನ ಬಂದಿದ್ದ. ಬಂದ ದಿನ ಸಂಜೆ ಕಡ್ಡಿ ಮೇಲೇಳಲಿಲ್ಲ.

“ತಾರವ್ವ ಬರೂದ್ರೊಳಗ ರಿಪೇರಿ ಆಗಬೇಕು. ಕೆಟ್ಟದ್ದ ನೋಡಿದ್ರ ಆಕಿ ಅಳತಾಳ,” ಎಂದು ರೇವಪ್ಪ ಜಮಖಂಡಿಯಿಂದ ಅಪ್ಪಾಸಾಬನನ್ನು ಕರೆಸಿದ್ದ.

“ಆಕಿ ಅಳೂದು ಮುಗದೈತ್ರಿ,” ಎಂದಷ್ಟೇ ಹೇಳಿ ಹೆಂಡತಿ ಅನ್ನವ್ವ ಒಳಗೆ ಹೋಗಿದ್ದಳು.

ಇಕ್ಕಳದಲ್ಲಿದ್ದ ದಾರ ನೋಡುತ್ತ “ಯಮನಪ್ಪಾ!” ಎಂದು ರೇವಪ್ಪ ಕೂಗಿದ. ಪಕ್ಕದ ಮಗ್ಗದ ಮನೆಯ ಸದ್ದು ನಿಂತಿತು. ನೇಕಾರರು ಬಾಗಿಲಿಗೆ ಬಂದರು. ಅನ್ನವ್ವನೂ ಕಟ್ಟೆಗೆ ಬಂದಳು.

“ಗಾಡಿ ಮದುವಿಗೆ ಹೋಗಿತ್ತೇನಲೇ?”

“ಹೋಗಿತ್ರಿ.”

“ಎಲ್ಲಿಗೆ?”

“ಬೆಳಗಲಿಯಿಂದ ಲೋಕಾಪುರಕ್ರಿ.”

“ಎಷ್ಟ ಬಾಡಿಗಿ ಹೊಡದಿ?”

“ಬಾಡಿಗಿ ಮುಟ್ಟಿಲ್ರಿ. ದೇವರಾಣಿ.”

“ಬಾಡಿಗಿ ಯಾಕ ಬೇಕ್ರಿ, ಬುಂದೇ ಲಾಡೂಕ್ಕ ಹೋಗಿರಬೇಕ ತಗೋರಿ!” ಎಂದು ಒಬ್ಬ ನೇಕಾರ ನಗಾಡಿದ. ಉಳಿದವರೂ ನಕ್ಕರು. ಯಮನಪ್ಪನ ತಲೆ ಎದೆಗೆ ಬಿತ್ತು.

“ಯಾರ ಮದುವಿ ಅದು? ಹೆಸರ ಹೇಳು.”

ಯಮನಪ್ಪ ಅಂಗಿಯ ಜೇಬಿನಿಂದ ಕಾರಿನ ಕೀಲಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಪರಮಾನಂದನಿಗೆ ಸ್ಟೀರಿಂಗ್ ಹಿಡಿಯಲು ಕಲಿಸಿದ್ದು ಅವನೇ. ಸುಳ್ಳು ಹೇಳಿ ಗೊತ್ತಿದ್ದವನಲ್ಲ. ಒಂದು ಹೆಸರು ಹೇಳಿದ್ದರೆ ಕೆಲಸ ಉಳಿಯುತ್ತಿತ್ತು, ಮರ್ಯಾದೆಯೂ ಉಳಿಯುತ್ತಿತ್ತು.

“ಸತ್ತ ನನ್ನ ಮಗನ ಗಾಡ್ಯಾಗ ಕಂಡೋರ ಮದುಮಕ್ಕಳನ್ನ ಮೆರಸಿ ಬಂದಿ,” ಎಂದ ರೇವಪ್ಪ. “ನಾಳೆ ತಾರವ್ವ ಬಂದ್ರ ನಾ ಆಕಿಗೆ ಏನಂತ ಮಾರಿ ತೋರಸ್ಲಿ? ಕಳ್ಳಾ, ಇಡು ಕೀಲಿ. ಈ ಹೊಸ್ತಿಲಾ ಮತ್ತ ತುಳೀಬ್ಯಾಡ.”

ಯಾರೂ ಈಗ ನಗಲಿಲ್ಲ. ಅಪ್ಪಾಸಾಬ ನಟ್ಟು ಬಿಚ್ಚುವ ತನ್ನ ಪಾನಾಗಳನ್ನು ಸುಮ್ಮನೆ ಒರೆಸತೊಡಗಿದ. ಮದುವೆಯ ಮಾತು ತೆಗೆದದ್ದಕ್ಕೆ ಅವನಿಗೇ ನಾಚಿಕೆಯಾಗಿತ್ತು. ಯಮನಪ್ಪ ಕೀಲಿಯನ್ನು ಕಟ್ಟೆಯ ಮೇಲಿಟ್ಟ.

“ಬರ್ತೇನ್ರೀ ಅವ್ವಾರ,” ಎಂದು ಅನ್ನವ್ವನಿಗೆ ಕೈ ಮುಗಿದು ತಿರುಗಿದ.

ಅನ್ನವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಗಂಡಸರ ನಡುವೆ ಎಂದೂ ಇಳಿಯದ ಅಂಗಳಕ್ಕೆ ಇಳಿದಳು. ಕೀಲಿ ಎತ್ತಿ ಅವನ ಕೈಯಲ್ಲಿ ಇಟ್ಟಳು.

“ನಿಲ್ಲೋ ತಮ್ಮಾ. ನನಗ ಕೊಟ್ಟ ಮಾತ ಉಳಸಾಕ ಹೋಗಿ ನೀ ಕಳ್ಳ ಅನಿಸಿಕೋಬ್ಯಾಡ.” ಆಮೇಲೆ ಗಂಡನ ಕಡೆ ತಿರುಗಿದಳು. ನೆಲ ನೋಡುತ್ತಲೇ ಮಾತಾಡಿದಳು. ಆದರೆ ಮಗ್ಗದ ಮನೆಯ ಬಾಗಿಲವರೆಗೂ ಕೇಳಿಸಿತು.

“ಮದುಮಗಳು ನಮ್ಮ ತಾರವ್ವರಿ. ಅವರಪ್ಪ ಗಂಡು ಗೊತ್ತು ಮಾಡಿ ಕೇಳಾಕ ಬಂದಾಗ ನೀವು ಕಳಸಲಿಲ್ಲ, ನಾ ಕಳಿಸಿದೆ.”