ಮೈಲಪ್ಪ ಒಗೆದ ತಾಟು

ಮೈಲಪ್ಪ ಒಗೆದ ತಾಟು ಗೋಡೆಗೆ ಬಡಿದು, ಬಾಗಿಲ ತನಕ ಉರುಳಿ ಬಿತ್ತು. ರೊಟ್ಟಿ ಆರಿತ್ತು, ಅಷ್ಟೇ ಕಾರಣ. ಹೊಸ ಸೊಸೆ ದೀಪಿಕಾ ಅದನ್ನು ಎತ್ತಿ ತರಲು ಗಡಬಡಿಸಿ ಎದ್ದಳು. ಅತ್ತೆ ಮುದುಕವ್ವ ಅವಳ ಕೈ ಹಿಡಿದು ಕೂರಿಸಿದಳು.

"ಕುಂದ್ರವಾ. ಮೂವತ್ತು ವರ್ಷ ನಾ ಎತ್ತಿದ್ದ ಸಾಕು. ನೀ ಇದನ್ನ ಕಲೀಬ್ಯಾಡ."

ಆಮೇಲೆ ತನ್ನ ರೊಟ್ಟಿ ಮುರಿದು, ಶೇಂಗಾ ಚಟ್ನಿ ಹಚ್ಚಿಕೊಂಡು, ನಿಧಾನವಾಗಿ ಅಗಿಯುತ್ತ ಗಂಡನನ್ನು ನೇರವಾಗಿ ನೋಡಿದಳು. "ಒಗದವರ ಎತ್ಕೊಂಡ್ ಬರ್ರಿ. ಬಿಸಿ ರೊಟ್ಟಿ ಬಡದು ಹಾಕ್ತೇನಿ."

ಮೈಲಪ್ಪ ಮಗನ ಮುಖ ನೋಡಿದ. ಮಗ ತಾಟಿನಿಂದ ತಲೆ ಎತ್ತಲಿಲ್ಲ.

ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ಚೀಲ ಹೊರಲು ದಿನಕ್ಕೆ ನೂರು ಸಲ ಬಾಗುವ ಹಮಾಲನ ಬೆನ್ನು, ಮನೆಯೊಳಗೆ ಮೊದಲ ಸಲ ಬಾಗಿತು.