ವೇದಿಕೆಯ ಮೇಲಿನ ಕೂಸು

ಧಾರವಾಡದ ಭಾಷಾ ಸಮ್ಮೇಳನದಲ್ಲಿ ಈ ಸಲವೂ ತಾಯಂದಿರ ಬಾಯಿಗೆ ಬಾಗಿಲಲ್ಲೇ ಪಟ್ಟಿ ಅಂಟಿಸಿದ್ದರು. ಕೂಸುಗಳು ಹುಟ್ಟುತ್ತಲೇ ಸಾವಿರಾರು ವರ್ಷ ಹಿಂದಿನ ಭಾಷೆ ಆಡುತ್ತವೆ, ತಾಯಿಯ ಒಂದೇ ಒಂದು ಮಾತು ನಾಲಿಗೆಗೆ ಹತ್ತಿದರೂ ಅದನ್ನೆಲ್ಲ ಮರೆತುಬಿಡುತ್ತವೆ. ಇದು ಯಾರಿಗೆ ಗೊತ್ತಿಲ್ಲ? ಹಾಗಾಗಿ ಕಾಶವ್ವ ಹೆತ್ತ ಮಗನೊಂದಿಗೆ ಇದುವರೆಗೆ ಒಂದು ಮಾತೂ ಆಡಿರಲಿಲ್ಲ. ವಿದ್ವಾಂಸರು ಅದನ್ನು ಸಂಶೋಧನೆಗೆ ಸಹಕಾರ ಎಂದು ಕರೆದು ಅವಳಿಗೊಂದು ಶಾಲು ಹೊದಿಸಿದ್ದರು.

ವೇದಿಕೆಯ ಮೇಜಿನ ಮೇಲೆ ಕೂತ ಅವಳ ಮಗು ಎರಡೂ ಕೈ ಚಾಚಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿ ಅಳುತ್ತಿತ್ತು. ಅದರ ಅರ್ಥ ‘ಎತ್ತಿಕೋ’ ಎಂದು ಸಭೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಜಗಳವಿದ್ದದ್ದು ಆ ಮಾತಿನ ವಯಸ್ಸಿನ ಬಗ್ಗೆ. ಪ್ರೊಫೆಸರ್ ಇನಾಮದಾರರು ಅದು ಮೂರು ಸಾವಿರ ವರ್ಷ ಹಳೆಯದೆಂದರು. ಡಾಕ್ಟರ್ ಕಬ್ಬೂರರು ನಾಲ್ಕು ಸಾವಿರ ಎಂದು ಮೇಜು ಗುದ್ದಿದರು. ಬೆಚ್ಚಿಬಿದ್ದ ಮಗು ಇನ್ನೂ ಜೋರಾಗಿ ಅತ್ತಿತು. ಇನಾಮದಾರರು ಮೈಕನ್ನು ಅದರ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದರು.

ಕಾಶವ್ವ ಪಟ್ಟಿ ಕಿತ್ತೆಸೆದು ವೇದಿಕೆ ಹತ್ತಿದಳು. “ಬಾ ನನ್ನಪ್ಪಾ, ಅವ್ವನ ಹಂತ್ಯಾಕ ಬಾ,” ಎಂದು ಎತ್ತಿ ಎದೆಗವಚಿಕೊಂಡಳು.

“ಅವ್ವ,” ಎಂದಿತು ಮಗು.

ಸಭೆ ಹೌಹಾರಿತು. “ಏನ್ ಮಾಡಿದಿ ತಂಗಿ!” ಎಂದು ಇನಾಮದಾರರು ಚೀರಿದರು. “ಇಡೀ ಭಾಷಾನ ಹಾಳ ಮಾಡಿದ್ಯಲ್ಲ!”

“ಇವನ ಒಂದೊಂದ ಮಾತೂ ನಿಮಗ ತಿಳೀತಿತ್ತಲ್ರಿ,” ಎಂದಳು ಕಾಶವ್ವ. “ಒಬ್ಬರರ ಎತ್ತಿಕೊಂಡ್ರೇನು?”

ಇನಾಮದಾರರು ಆಗಲೇ ಮುಂದಿನ ಕೂಸನ್ನು ಕರೆಯುತ್ತಿದ್ದರು. ಮೊದಲ ಸಾಲಿನಲ್ಲಿ ಅದರ ತಾಯಿ ಮಗುವನ್ನು ಬಿಗಿಯಾಗಿ ಹಿಡಿದುಕೊಂಡು, ತನ್ನ ಬಾಯಿಯ ಪಟ್ಟಿಯ ತುದಿಯನ್ನು ಉಗುರಿನಿಂದ ಕೆದಕತೊಡಗಿದ್ದಳು.